ಕಾಂಟೆಸ್ಸಾ ಮಾರಾಟಕ್ಕಿದೆ, ಫೈಲ್ ಸಮೇತ

ಗುಜರಿ ಸೇರಬೇಕಿದ್ದ ಕಾರನ್ನು ಎಳೆದುಕೊಂಡು ಬಂದು, ಫಳಫಳ ಹೊಳೆಯುವಂತೆ ಮಾಡಿ, ಲಕ್ಷಗಟ್ಟಲೆ ಲಾಭಕ್ಕೆ ಮಾರುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಹದಿನೈದು ನಿಮಿಷದಲ್ಲಿ ತುಕ್ಕು ಮಾಯ, ಎಂಜಿನ್ ಸ್ಟಾರ್ಟ್, ಕೊನೆಗೆ ಯಾರೋ ಬಂದು ಕೀ ತೆಗೆದುಕೊಂಡು ಹೋಗುತ್ತಾರೆ. ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಸೋದರಮಾವ 1991ರ ಒಂದು ಕಾಂಟೆಸ್ಸಾ ಕ್ಲಾಸಿಕ್ ಅನ್ನು ಸರಿ ಮಾಡಲು ಎರಡೂವರೆ ವರ್ಷ ತೆಗೆದುಕೊಂಡರು. ಮಾರಲು ಮತ್ತೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಯಾವ ವಿಡಿಯೊದಲ್ಲೂ ಬರುವುದಿಲ್ಲ.

ನಮ್ಮ ವಯಸ್ಸಿನವರಿಗೆ ಕಾಂಟೆಸ್ಸಾ ಎಂದರೆ ಹಳೇ ಸಿನಿಮಾದಲ್ಲಿ ವಿಲನ್ ಇಳಿಯುವ ಉದ್ದನೆಯ ಕಾರು, ಅಷ್ಟೆ. ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟರ್ಸ್ ಕಂಪನಿಯೇ 1984ರಲ್ಲಿ ಇದನ್ನು ತಂದಿತ್ತು. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು. ಎಂಜಿನ್ ಮಾತ್ರ ಅಂಬಾಸಿಡರ್‌ನದೇ, 1,489 ಸಿಸಿ, ಸುಮಾರು 50 ಅಶ್ವಶಕ್ತಿ. ಅಷ್ಟು ದೊಡ್ಡ ಗಾಡಿಗೆ ಅದು ಸಾಲಲಿಲ್ಲ. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್, ಐದು ಗೇರ್ ಬಂದವು. 'ಕ್ಲಾಸಿಕ್' ಎಂಬ ಬಾಲ ಸೇರಿದ್ದು ಆಗಲೇ. ಕಾಂಟೆಸ್ಸಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಜಹಗೀರುದಾರನ ಹೆಂಡತಿಯಂಥ ಒಂದು ಬಿರುದು. ಆಗಿನ ಕಾಲಕ್ಕೆ ಆ ಬಿರುದು ಒಪ್ಪುತ್ತಿತ್ತು. ಮಂತ್ರಿಗಳು, ಮಿಲ್ ಮಾಲೀಕರು ಓಡಾಡುತ್ತಿದ್ದುದು ಇದರಲ್ಲೇ. ಹೊಸ ಕಂಪನಿಗಳ ಕಾರುಗಳು ಬಂದ ಮೇಲೆ ಮಂಕಾಗಿ, 2002ರಲ್ಲಿ ತಯಾರಿಕೆಯೇ ನಿಂತಿತು.

ಮಾವ ಇದನ್ನು ಇಟ್ಟುಕೊಳ್ಳಬೇಕೆಂದೇ ಮಾಡಿದ್ದರು. ಆದರೆ ಅವರ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಮೊದಲ ವರ್ಷದ ಫೀಸು ಮತ್ತು ಹಾಸ್ಟೆಲ್ ದುಡ್ಡಿಗೆ ಸ್ವಲ್ಪ ಕಾಲಾವಕಾಶ ಕೊಟ್ಟಿದ್ದರು. 'ಕಾರು ಇನ್ನೊಂದು ಸಿಗ್ತೈತೆ, ಸೀಟು ಸಿಗಲ್ಲ' ಎಂದು ಅತ್ತೆಯ ಮುಂದೆ ಒಂದೇ ಮಾತಲ್ಲಿ ಮುಗಿಸಿದರು. ಜಾಹೀರಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಬಿಇ ಓದುತ್ತಿದ್ದೇನೆ ಎಂಬ ಒಂದೇ ಅರ್ಹತೆಯ ಮೇಲೆ.

'ವಿಂಟೇಜ್ ಅಂತ ಹಾಕು, ರೇಟು ಜಾಸ್ತಿ ಬರುತ್ತೆ' ಎಂದವರು ಬಹಳ ಜನ. ಹಾಕಲಿಲ್ಲ. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮಾಡಿದ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಅಂಥವಕ್ಕೆ 'ವಿಎ' ಅಕ್ಷರಗಳಿರುವ ಬೇರೆ ನಂಬರ್ ಕೊಡುತ್ತಾರೆ, ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕ. ಆದರೆ ಅಂಥ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ನಮ್ಮ ಕಾಂಟೆಸ್ಸಾಗೆ ಆ ವಯಸ್ಸೂ ಆಗಿಲ್ಲ, ಆ ಕಟ್ಟುಪಾಡೂ ಇಲ್ಲ. ಹದಿನೈದು ವರ್ಷ ದಾಟಿದ ಎಲ್ಲ ಖಾಸಗಿ ಕಾರುಗಳಂತೆ ಎಫ್‌ಸಿ ಮಾಡಿಸಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡರೆ ಸಾಕು. ಹಾಗೆಂದು ಅದೇನೂ ಅಗ್ಗವಲ್ಲ. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು.

ಫೋನ್‌ಗಳು ಬಂದವು. ಹೆಚ್ಚಿನವರ ಮೊದಲ ಪ್ರಶ್ನೆಯೇ 'ಲಾಸ್ಟ್ ಎಷ್ಟು?' ಕಾರನ್ನು ನೋಡದೆ ಲಾಸ್ಟ್ ಕೇಳುವವರಿಗೆ ಮಾವ ಉತ್ತರವನ್ನೇ ಕೊಡುತ್ತಿರಲಿಲ್ಲ. ಒಬ್ಬರು ಮದುವೆ ಮೆರವಣಿಗೆಗೆ ಬಾಡಿಗೆ ಬಿಡಲು ಬಂದಿದ್ದರು, ಬಣ್ಣ ಬಿಳಿಯಾಗಬೇಕಂತೆ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಬಿಡುವಂತಿಲ್ಲ ಎಂದರೆ ನಕ್ಕರು. ಇಬ್ಬರು ಹುಡುಗರು ಬೈಕಿನಲ್ಲಿ ಬಂದು, ಎಂಜಿನ್ ಇಳಿಸಿ ದೊಡ್ಡ ಡೀಸೆಲ್ ಎಂಜಿನ್ ಕೂರಿಸುವ ಲೆಕ್ಕವನ್ನು ಅಲ್ಲೇ ನಿಂತು ಹಾಕಿದರು. ಅವರ ರೇಟು ಎಲ್ಲರಿಗಿಂತ ಒಳ್ಳೆಯದಿತ್ತು, ನಿಜ ಹೇಳಬೇಕೆಂದರೆ. ಅಡ್ವಾನ್ಸ್ ತರುತ್ತೇವೆಂದು ಹೋದವರು ಮರಳಿ ಬರಲಿಲ್ಲ.

ಐದನೇ ತಿಂಗಳು ಬಂದವರು ನಿವೃತ್ತ ಎಂಜಿನಿಯರ್ ಒಬ್ಬರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತ ತೆಗೆದರು. ಬಾಗಿಲ ಕೆಳಗೆ, ಚಕ್ರದ ಕಮಾನಿನ ಅಂಚಿಗೆ, ಡಿಕ್ಕಿಯ ಮೂಲೆಗೆ ಒಂದೊಂದಾಗಿ ತಾಗಿಸಿದರು. ತಗಡು ಇದ್ದಲ್ಲಿ ಅಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ. ತುಕ್ಕು ತಿಂದ ತೂತಿಗೆ ಪುಟ್ಟಿ ತುಂಬಿ ಮೇಲೆ ಪೇಂಟ್ ಹೊಡೆದಿದ್ದರೆ ಜಾರಿ ಬೀಳುತ್ತದೆ. ಆಮೇಲೆ ಚಾಪೆ ಹಾಸಿಕೊಂಡು, ಟಾರ್ಚ್ ಹಿಡಿದು ಅಡಿಗೇ ಹೋದರು. ಇಪ್ಪತ್ತು ನಿಮಿಷ ಅವರ ಕಾಲು ಮಾತ್ರ ಕಾಣುತ್ತಿತ್ತು. ಎದ್ದು ಬಂದು ಕೇಳಿದ್ದು ಒಂದೇ: 'ಪೇಂಟ್ ಇಷ್ಟು ಚೆನ್ನಾಗಿದೆ. ಒಳಗೆ ಏನಿದೆ ಅಂತ ನಾನು ಹೇಗೆ ನಂಬಲಿ?'

ಅಲ್ಲಿಯತನಕ ನಾವು ಹೊಳಪನ್ನೇ ತೋರಿಸುತ್ತಿದ್ದೆವು. ಹಳೇ ಕಾರಿನಲ್ಲಿ ಹೊಸ ಹೊಳಪು ಕೊಳ್ಳುವವನಿಗೆ ಅನುಮಾನದ ಮೊದಲ ಕಾರಣ. ಕೆಲಸ ಎಷ್ಟು ನೀಟಾಗಿರುತ್ತದೋ ಅಷ್ಟು ಅದು ಕಣ್ಣಿಗೆ ಬೀಳುವುದಿಲ್ಲ. ಕಳ್ಳ ಕೆಲಸವೂ ಹಾಗೇ ಕಾಣುತ್ತದೆ. ಮಾವ ಒಳಗೆ ಹೋಗಿ ಒಂದು ರಟ್ಟಿನ ಫೈಲ್ ತಂದರು. ಪೇಂಟ್‌ಗೆ ಮುಂಚೆ ಬರೀ ತಗಡಿನಲ್ಲಿ ನಿಂತ ಬಾಡಿಯ ಫೋಟೊ, ಕತ್ತರಿಸಿ ತೆಗೆದ ಫ್ಲೋರ್, ಅದರ ಜಾಗಕ್ಕೆ ವೆಲ್ಡ್ ಮಾಡಿದ ಹೊಸ ಶೀಟು, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಬೇರಿಂಗ್, ಬೀಡಿಂಗ್ ರಬ್ಬರ್‌ಗಳ ಬಿಲ್, ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಅಳತೆ ಬರೆದ ಹಾಳೆ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಯ ನಡುವಿನ ಅಂತರ ಶೇ 10 ದಾಟಬಾರದು ಎಂಬುದು ಮೆಕ್ಯಾನಿಕ್‌ಗಳ ಲೆಕ್ಕ. ನಮ್ಮದು ಅದರೊಳಗೇ ಇತ್ತು. ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಾಯಿಸಿದ ಬಿಲ್ ನೋಡಿ ಅವರ ಮುಖ ಸ್ವಲ್ಪ ಸಡಿಲವಾಯಿತು. ಈಗಿನ ಪೆಟ್ರೋಲ್‌ನಲ್ಲಿ ಬೆರೆಸುವ ಎಥನಾಲ್ ಹಳೇ ಕಾಲದ ರಬ್ಬರನ್ನು ತಿನ್ನುತ್ತದೆ, ನೀರಿನ ಅಂಶವನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರುತ್ತದೆ. ಅದನ್ನು ಯೋಚಿಸಿದವನು ಉಳಿದದ್ದನ್ನೂ ಯೋಚಿಸಿರುತ್ತಾನೆ ಎಂದು ಅವರಿಗೆ ಅನ್ನಿಸಿರಬೇಕು.

ಇಷ್ಟಾದ ಮೇಲೆ ಅವರು ಆರ್‌ಸಿ ಕೇಳಿದರು, ಬಾನೆಟ್ ಎತ್ತಿಸಿದರು. ಚಾಸಿ ನಂಬರ್ ಸರಿಯಿತ್ತು. ಎಂಜಿನ್ ನಂಬರ್ ಹೊಂದಲಿಲ್ಲ.

ಹಿಂದಿನ ಮಾಲೀಕರಲ್ಲಿ ಯಾರೋ ಎಂಜಿನ್ ಸೀಜ್ ಆದಾಗ ಬೇರೊಂದು ಗುಜರಿ ಕಾಂಟೆಸ್ಸಾದ ಎಂಜಿನ್ ಕೂರಿಸಿದ್ದರು. ಜಾತಿ ಅದೇ, ಇಸುಜು 1.8. ಆದರೆ ಎಂಜಿನ್ ಬದಲಾದರೆ ಸಾರಿಗೆ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಬೇಕು, ಅದನ್ನು ಮಾಡಿರಲಿಲ್ಲ. ಕೊಳ್ಳುವವನ ದೃಷ್ಟಿಯಲ್ಲಿ ಅದು ಬರೀ ಒಂದು ನಂಬರ್ ಅಲ್ಲ. ಆ ಎಂಜಿನ್ ಕಳವಾದ ಗಾಡಿಯದ್ದೂ ಇರಬಹುದು. ನಾಳೆ ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಲು ಒಂದು ನೆಪವೂ ಹೌದು. 'ಕಾಗದ ಸರಿ ಮಾಡಿಸಿ ಕೊಡಿ, ಇಲ್ಲವೇ ಎಪ್ಪತ್ತು ಸಾವಿರ ಕಡಿಮೆ ಮಾಡಿ' ಎಂದು ಹೇಳಿ ನಂಬರ್ ಕೊಟ್ಟು ಹೋದರು.

ಮುಂದಿನ ಎರಡು ತಿಂಗಳು ಸ್ಪ್ಯಾನರ್ ಮುಟ್ಟದೆ ಮಾಡಿದ ರಿಪೇರಿ. ಹಳೇ ಮಾಲೀಕರನ್ನು ಒಬ್ಬರಾದ ಮೇಲೊಬ್ಬರಂತೆ ಹುಡುಕಿಕೊಂಡು ಹೋಗಿ, ಶಿವಮೊಗ್ಗದಲ್ಲಿ ಎಂಜಿನ್ ಕೂರಿಸಿದ ಮೆಕ್ಯಾನಿಕ್‌ ಸಿಕ್ಕಿದರು. ಅವರ ಹಳೇ ಬಿಲ್ ಬುಕ್ಕಿನಲ್ಲಿ ಗುಜರಿ ಕಾರಿನ ನಂಬರ್ ಸಿಕ್ಕಿತು. ಅದರ ಜಾಡಿನಲ್ಲಿ ಆ ಕಾರಿನ ಮಾಲೀಕರ ಮನೆಯವರಿಂದ ಒಂದು ಪತ್ರ, ಪೊಲೀಸರಿಂದ ಆ ಗಾಡಿಯ ಮೇಲೆ ಕೇಸಿಲ್ಲ ಎಂಬ ಇನ್ನೊಂದು ಪತ್ರ. ಇನ್‌ಸ್ಪೆಕ್ಟರ್ ಗಾಡಿ ನೋಡಿ ನಂಬರ್‌ಗೆ ಪೆನ್ಸಿಲ್ ಉಜ್ಜಿಸಿಕೊಂಡ ದಿನ ಮಾವ ಗ್ಯಾರೇಜ್‌ಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟ್ ತೊಟ್ಟಿದ್ದರು. ಫೀಸಿನ ಕೊನೇ ದಿನ ಈ ನಡುವೆಯೇ ಬಂತು. ಅತ್ತೆಯ ಎರಡು ಬಳೆ ಬ್ಯಾಂಕಿಗೆ ಹೋದವು.

ಕೊನೆಗೆ ಕಾರು 3,80,000ಕ್ಕೆ ಹೋಯಿತು, ಅದೇ ಎಂಜಿನಿಯರ್‌ ಅವರಿಗೆ. ಸಾಮಾನು, ಪೇಂಟು, ಹೊರಗಿನ ಕೂಲಿ ಸೇರಿ ಫೈಲಿನಲ್ಲಿದ್ದ ಖರ್ಚು 4,10,000. ಮಾವನ ಎರಡೂವರೆ ವರ್ಷದ ಭಾನುವಾರಗಳಿಗೆ ಬಿಲ್ ಇರಲಿಲ್ಲ. ಇದನ್ನು ನಷ್ಟ ಎನ್ನಬೇಕೋ ಬೇಡವೋ ಎಂದು ನಾನೂ ಅವರೂ ಇನ್ನೂ ಜಗಳವಾಡುತ್ತೇವೆ. ಸ್ಪೋರ್ಟ್ಸ್ ಕಾರು, ಓಪನ್ ಕಾರುಗಳಿಗೆ ಸಿಗುವ ಬೆಲೆ ನಾಲ್ಕು ಬಾಗಿಲಿನ ಸೆಡಾನ್‌ಗೆ ಜಗತ್ತಿನ ಯಾವ ಸಂತೆಯಲ್ಲೂ ಸಿಗುವುದು ಅಪರೂಪ. ದುರಸ್ತಿಯ ಖರ್ಚು ಮಾತ್ರ ಅಷ್ಟೇ. ಹಾಗಾಗಿ ಇದನ್ನು ವ್ಯಾಪಾರ ಎಂದು ಶುರು ಮಾಡುವ ಗೆಳೆಯರು ಮೊದಲು ಕ್ಯಾಲ್ಕುಲೇಟರ್ ಹಿಡಿಯಲಿ ಎಂಬುದು ನನ್ನ ವಾದ. 'ಆ ಕಾರು ನೋಡಿ ಆರು ಜನ ತಮ್ಮ ಗಾಡಿ ತಂದು ಬಿಟ್ಟರಲ್ಲ, ಅದನ್ನ ಯಾವ ಕಾಲಂನಾಗೆ ಬರೀತಿ?' ಎಂಬುದು ಅವರದು.

ದುಡ್ಡು ಬಂದ ದಿನವೇ ಫಾರಂ 29 ಮತ್ತು 30ಕ್ಕೆ ಸಹಿ ಬಿತ್ತು. ಆದರೂ ಮಾವ ನಿರಾಳವಾಗಿದ್ದು ಆರ್‌ಸಿಯಲ್ಲಿ ಹೆಸರು ಬದಲಾದ ಮೇಲೆಯೇ. ಗಾಡಿ ಮಾರಿದರೂ ದಾಖಲೆಯಲ್ಲಿ ಹೆಸರು ಇರುವತನಕ ಅಪಘಾತದ ಪರಿಹಾರಕ್ಕೆ ಹಳೇ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಬೈಕ್ ಮಾರಿ ಖಾಲಿ ಫಾರಂಗೆ ಸಹಿ ಹಾಕಿ ಕೊಟ್ಟು ಮರೆತವರು ನಮ್ಮ ಹಾಸ್ಟೆಲ್‌ನಲ್ಲೇ ನಾಲ್ಕು ಜನ ಇದ್ದಾರೆ.

ಬಳೆಗಳು ವಾಪಸ್ ಬಂದಿವೆ. ಗ್ಯಾರೇಜಿನ ಆ ಮೂಲೆಯಲ್ಲಿ ಈಗ ಪ್ರೀಮಿಯರ್ 118 ಎನ್‌ಇ ಒಂದು ನಿಂತಿದೆ, ಗಾಜಿಲ್ಲ, ಸೀಟಿಲ್ಲ. ಅದನ್ನು ಕೊಳ್ಳುವ ಮೊದಲು ಮಾವ ಇಬ್ಬರು ಮಾಲೀಕರ ಮನೆಗೆ ಹೋಗಿ ಬಂದರು. ಗಾಡಿ ಇಳಿದ ದಿನ ಬಾನೆಟ್ ಎತ್ತಿ, ಎಂಜಿನ್ ನಂಬರ್ ಮೇಲಿನ ಗ್ರೀಸ್ ಒರೆಸಿ, ನನ್ನ ಕೈಗೆ ಪೆನ್ಸಿಲ್ ಮತ್ತು ಬಿಳಿ ಹಾಳೆ ಕೊಟ್ಟರು.