ಐವತ್ತು ನಿಮಿಷದ ತೋಟ

ನನ್ನ ಎಕ್ಸೆಲ್ ಶೀಟಿನಲ್ಲಿ ರಿತ್ಸುರಿನ್‌ಗೆ ಇದ್ದದ್ದು ಐವತ್ತೇ ನಿಮಿಷ. ಒಕಯಾಮದಿಂದ ರೈಲು ಹತ್ತಿ, ಸಮುದ್ರದ ಮೇಲಿನ ಸೇತುವೆ ದಾಟಿ, ಶಿಕೋಕು ದ್ವೀಪದ ತಕಾಮತ್ಸು ಊರಿಗೆ ಬರೋದು. ಮೊದಲು ಈ ತೋಟ, ಆಮೇಲೆ ಹಳೇ ಕೋಟೆ, ಸಂಜೆ ದೋಣಿ. ಮೂರು ವಾರಕ್ಕೆ ಬಂದಿರೋ ಅಮ್ಮನಿಗೆ ಇಡೀ ಜಪಾನ್ ತೋರಿಸಿಬಿಡಬೇಕು ಅನ್ನೋ ಹಟ ನನ್ನದು. ಇನ್ನೊಂದು ಕಾರಣವೂ ಇತ್ತು. ಓಡಾಡ್ತಾನೇ ಇದ್ದರೆ ಮಾತಾಡೋಕೆ ಪುರುಸೊತ್ತು ಸಿಗಲ್ಲ. ಒಸಾಕಾದ ಪ್ರಾಜೆಕ್ಟಿನಲ್ಲಿ ಇನ್ನೂ ಮೂರು ವರ್ಷ ಇರ್ತೀಯಾ ಅಂತ ಮ್ಯಾನೇಜರ್ ಕೇಳಿದ್ದರು, ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಅಪ್ಪ ಹೋದಮೇಲೆ ಶಿರಾದ ಮನೆಯಲ್ಲಿ ಒಬ್ಬಳೇ ಇರೋ ಅಮ್ಮನಿಗೆ ಅದನ್ನ ಹೇಳಿರಲಿಲ್ಲ.

ತೋಟದೊಳಗೆ ಕಾಲಿಟ್ಟು ಹತ್ತು ನಿಮಿಷಕ್ಕೇ ಶೀಟು ಕೆಟ್ಟಿತು. ಮೂರು ಕಾಲಿನ ಏಣಿ ಹತ್ತಿ ಒಬ್ಬ ಮಾಲಿ ಪೈನ್ ಮರದ ಹಳೇ ಸೂಜಿ ಎಲೆಗಳನ್ನ ಒಂದೊಂದಾಗಿ ಕೈಯಲ್ಲಿ ಕೀಳ್ತಾ ಇದ್ದ. ಕತ್ತರಿ ಇಲ್ಲ, ಮೆಷಿನ್ ಇಲ್ಲ. ಅಮ್ಮ ಅಲ್ಲೇ ನಿಂತುಬಿಟ್ಟಳು. "ಹೇನು ಹೆಕ್ಕಿದ ಹಾಗೆ ಹೆಕ್ತಾನಲ್ಲೋ!" ಇಲ್ಲಿ ಸುಮಾರು 1,400 ಪೈನ್ ಮರಗಳಿವೆ, ಅದರಲ್ಲಿ ಸಾವಿರದಷ್ಟಕ್ಕೆ ಹೀಗೇ ಕೈ ಆರೈಕೆ. ವಸಂತದಲ್ಲಿ ಚಿಗುರು ಚಿವುಟೋದು, ಚಳಿಗಾಲ ಬರೋ ಹೊತ್ತಿಗೆ ಹಳೇ ಎಲೆ ಕೀಳೋದು, ಮತ್ತೆ ಮುಂದಿನ ವರ್ಷ ಅದೇ. ಒಂದು ಸಾಲು ಮರಗಳಂತೂ ಪೆಟ್ಟಿಗೆಯ ಆಕಾರಕ್ಕೆ ಬಂದುಬಿಟ್ಟಿವೆ. ಇನ್ನೊಂದು ಭಾರಿ ಮರ, 1833ರಲ್ಲಿ ಶೋಗನ್ ಇಯೆನಾರಿ ಉಡುಗೊರೆ ಕೊಟ್ಟ ಬೋನ್ಸಾಯ್ ಅಂತೆ. ಕುಂಡದಿಂದ ನೆಲಕ್ಕೆ ಇಟ್ಟರು, ಬೆಳೆದೇ ಬೆಳೆಯಿತು. ತಮಾಷೆ ಏನಂದ್ರೆ ರಿತ್ಸುರಿನ್ ಅಂದ್ರೆ ಚೆಸ್ಟ್‌ನಟ್ ಮರಗಳ ತೋಪು. ಆ ಮರಗಳನ್ನ ಬಾತುಕೋಳಿ ಬೇಟೆಗೆ ಅಡ್ಡಿ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಕಡಿಸಿದರಂತೆ, ಹೆಸರು ಮಾತ್ರ ಉಳೀತು.

1642ರಲ್ಲಿ ಈ ಸೀಮೆಗೆ ದೊರೆಯಾಗಿ ಬಂದ ಮತ್ಸುದೈರಾ ಯೋರಿಶಿಗೆ ಮತ್ತವನ ವಂಶದವರು ಇದನ್ನ ಬೆಳೆಸ್ತಾ ಹೋದರು. ಪೂರ್ತಿಯಾಗಿದ್ದು 1745ರಲ್ಲಿ. ನೂರು ವರ್ಷದ ಪ್ರಾಜೆಕ್ಟ್! ನಮ್ಮಲ್ಲಿ ಎರಡು ವಾರಕ್ಕೊಂದು ರಿಲೀಸ್. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1875ರಲ್ಲಿ.

ಇದು ಸುತ್ತಾಡಿ ನೋಡೋ ತೋಟ. ಕೂತಲ್ಲೇ ಎಲ್ಲ ಕಾಣಲ್ಲ. ದಾರಿ ಬೇಕಂತಲೇ ತಿರುಗುತ್ತೆ, ಕೃತಕ ಗುಡ್ಡ ಅಡ್ಡ ಬರುತ್ತೆ, ತಿರುವು ದಾಟಿದರೆ ಇನ್ನೊಂದು ಕೊಳ. ಆರು ಕೊಳ, ಹದಿಮೂರು ಗುಡ್ಡ. ಹಿಂದೆ ನಿಂತಿರೋ ಶಿಯುನ್ ಬೆಟ್ಟ ತೋಟದ್ದೇ ಗೋಡೆ ಅನ್ನೋ ಹಾಗೆ ಎಲ್ಲ ದೃಶ್ಯದಲ್ಲೂ ಸೇರಿಕೊಳ್ಳುತ್ತೆ. ಅಮ್ಮನ ಮಂಡಿನೋವಿಗೆ ಈ ದಾರಿ ಹೇಳಿ ಮಾಡಿಸಿದ್ದು. ಪ್ರತಿ ತಿರುವಿನಲ್ಲೂ ನಿಲ್ಲೋಕೆ ನೆಪ ಇದೆ. ನಾನು ಗಡಿಯಾರ ನೋಡಿದಾಗ ಎರಡು ಗಂಟೆ ಆಗಿತ್ತು, ನಾವು ಅರ್ಧ ತೋಟವನ್ನೂ ಮುಗಿಸಿರಲಿಲ್ಲ.

"ಈ ನೀರು ಎಲ್ಲಿಂದ ಬರುತ್ತೆ?" ಅಮ್ಮನ ಮೊದಲ ಪ್ರಶ್ನೆ. ಶಿರಾದವಳು, ಬೇರೆ ಏನು ಕೇಳ್ತಾಳೆ? ಇಲ್ಲಿ ಮಳೆ ಕಡಿಮೆ, ದೊಡ್ಡ ನದಿಯೂ ಇಲ್ಲ, ಅದಕ್ಕೇ ಸೀಮೆ ತುಂಬ ಸಾವಿರಾರು ಕೆರೆ ಕಟ್ಟಿಕೊಂಡಿದ್ದಾರೆ, ಈ ತೋಟಕ್ಕೆ ಮಾತ್ರ ನೆಲದಡಿಯ ಊಟೆ ನೀರು ಅಂದೆ. "ಹಂಗಾದ್ರೆ ನಮ್ಮ ಕಡೆ ಥರಾನೇ ಅನ್ನು," ಅಂತ ತಲೆ ಆಡಿಸಿದಳು. ಜಪಾನಿಗೆ ಬಂದಮೇಲೆ ಮೊದಲ ಸಲ ಅವಳಿಗೆ ಒಂದು ಊರು ಅರ್ಥ ಆಯಿತು ಅನ್ನಿಸಿತು.

ದಕ್ಷಿಣದ ಕೊಳದ ದಂಡೆಯಲ್ಲಿ ಕಿಕುಗೆತ್ಸು-ತೇಯ್ ಅನ್ನೋ ಟೀ ಮನೆ ಇದೆ. ಚಂದ್ರನನ್ನ ಬೊಗಸೆಯಲ್ಲಿ ಎತ್ತಿಕೊಳ್ಳೋದು ಅಂತ ಆ ಹೆಸರಿನ ಅರ್ಥ. ಚಾಪೆ ಮೇಲೆ ಕೂತು ಮಾಚ್ಚಾ ಕುಡಿದೆವು. ಅಮ್ಮನಿಗೆ ಹಿಡಿಸಲಿಲ್ಲ, "ಹಲಸಂದೆ ಸೊಪ್ಪು ಬೇಯಿಸಿದ ನೀರು" ಅಂದಳು. ಕೆಳಗೆ ಕೂತರೆ ಏಳೋಕಾಗದ ಅವಳು ಕಂಬಕ್ಕೆ ಒರಗಿ ಕಾಲು ಚಾಚಿದಳು. ಕೊಳದಲ್ಲಿ ಬಿದಿರು ಟೋಪಿಯ ಅಂಬಿಗ ದೋಣಿ ನಡೆಸ್ತಿದ್ದ.

"ಸೋಮವಾರ ಏನಿದೆ? ನಿದ್ದೇಲಿ ಸೋಮವಾರ ಸೋಮವಾರ ಅಂತಿದ್ದೆ."

ಹೇಳಿಬಿಟ್ಟೆ. ಮೂರು ವರ್ಷ, ಸಂಬಳ, ಎಲ್ಲ.

ಅವಳು ತುಂಬಾ ಹೊತ್ತು ನೀರು ನೋಡಿದಳು. ಆಮೇಲೆ, "ನನ್ನಿಂದ ನೀನು ಬರೋದು ಬೇಡ, ನನ್ನಿಂದ ಇರೋದೂ ಬೇಡ. ಆದ್ರೆ ಮೂರು ಯಾಕೋ? ಒಂದು ವರ್ಷ ಕೇಳು. ಮುಂದಿನ ವರ್ಷ ನನ್ನ ಮಂಡಿ ಹೆಂಗಿರುತ್ತೋ, ನಿಂಗೇನು ಬೇಕಾಗುತ್ತೋ, ಈಗ್ಲೇ ಯಾರಿಗೆ ಗೊತ್ತು?" ಅಂದಳು.

ಹಾಗೆ ಕೇಳಬಹುದು ಅಂತ ನನಗೆ ಹೊಳೆದೇ ಇರಲಿಲ್ಲ, ಸತ್ಯವಾಗಲೂ. ಮೇಲ್‌ನಲ್ಲಿ ಇದ್ದದ್ದು ಹೌದು, ಇಲ್ಲ ಅಷ್ಟೇ.

ಕೊನೆಗೆ ಹಿರಾಯ್‌ಹೋ ದಿಬ್ಬ. ಫುಜಿ ಬೆಟ್ಟದ ಮಾದರಿಯಲ್ಲಿ ಕಟ್ಟಿದ್ದು. ಬಿಲ್ಲಿನಂಥ ಎಂಗೆತ್ಸು ಸೇತುವೆ, ಕೊಳ, ಟೀ ಮನೆ, ಹಿಂದೆ ಬೆಟ್ಟ, ಎಲ್ಲ ಪೋಸ್ಟರ್‌ಗಳಲ್ಲಿರೋ ಫೋಟೋ ಇಲ್ಲಿಂದಲೇ. ಅಮ್ಮ ಕೆಳಗೇ ಕೂತಳು, "ನೀನು ಹತ್ತಿ ನೋಡ್ಕೊಂಡು ಬಾ." ಹತ್ತಿದೆ. ಸೇತುವೆಗಿಂತ ಮೊದಲು ಕಂಡದ್ದು ಬೆಂಚಿನ ಮೇಲೆ ಕೂತು ಮಂಡಿ ಒತ್ತಿಕೊಳ್ತಿದ್ದ ಅವಳೇ.

ಈ ತೋಟ ಸೂರ್ಯ ಹುಟ್ಟಿದಾಗ ತೆರೆದು ಮುಳುಗಿದಾಗ ಮುಚ್ಚುತ್ತೆ. ನವೆಂಬರಿನಲ್ಲಿ ಹೋಗೋದಾದರೆ ಸಂಜೆ ಐದರ ಹೊತ್ತಿಗೇ ಹೊರಡಿಸ್ತಾರೆ, ಬೆಳಗ್ಗೆ ಬೇಗ ಹೋಗಿ. ಸಸ್ಯಾಹಾರಿಗಳಾದರೆ ಬುತ್ತಿ ಕಟ್ಟಿಕೊಳ್ಳಿ, ಈ ಊರಿನ ಹೆಸರಾಂತ ಉದೋನ್ ಸಾರಿಗೂ ಒಣಮೀನು ಬಿದ್ದಿರುತ್ತೆ. ನಾವು ರೈಲಲ್ಲಿ ತಿಂದದ್ದು ಗೊಜ್ಜವಲಕ್ಕಿ. ಕೋಟೆಯನ್ನೂ ನೋಡಲಿಲ್ಲ, ದೋಣಿಯನ್ನೂ ಹತ್ತಲಿಲ್ಲ.

ಸೋಮವಾರ ಒಂದು ವರ್ಷ ಅಂತ ಬರೆದು ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ಅಮ್ಮ ಊರಿಗೆ ಹೋಗಿ ನಾಲ್ಕು ದಿನವಾಯಿತು, ಬಾಗಿಲ ಮುಂದಿನ ದಾಸವಾಳದ ಒಣ ಎಲೆಗಳನ್ನ ಕೈಯಲ್ಲಿ ಕೀಳ್ತಿರೋ ವಿಡಿಯೋ ಪಕ್ಕದ ಮನೆ ಹುಡುಗಿ ಕೈಲಿ ಕಳಿಸಿದ್ದಾಳೆ.