ಸಮುದ್ರದೊಳಗೆ ಇಳಿಯುವವರೂ ದಿನದಿನದ ಗುಳಿಗೆಗಳೂ

ಕಳೆದ ವರುಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನನಗೊಂದು ಪತ್ರ ಬಂದಿತು. ಅವಳ ಮಗಳು ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿಯಲ್ಲಿ ಸ್ಕೂಬಾ ಸಾಧನವನ್ನು ಧರಿಸಿ ಸಮುದ್ರದೊಳಗೆ ಇಳಿಯಬೇಕೆಂದು ಹಟ ಹಿಡಿದಿದ್ದಳಂತೆ. ತಾಯಿಯೂ ಜೊತೆಗೆ ಇಳಿಯುವದೆಂದು ನಿಶ್ಚಯವಾಗಿತ್ತಂತೆ. "ನಾನು ದಿನಾಲೂ ರಕ್ತದೊತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುತ್ತೇನೆ. ಅದನ್ನು ಅವರ ಪತ್ರಕದಲ್ಲಿ ಬರೆದರೆ ನನ್ನನ್ನು ಇಳಿಯಗೊಡಲಿಕ್ಕಿಲ್ಲ. ಆ ಒಂದು ದಿವಸ ಗುಳಿಗೆಯನ್ನು ಬಿಟ್ಟು 'ಇಲ್ಲ'ವೆಂದು ಬರೆದರೆ ತಪ್ಪೇನು, ಟೀಚರಮ್ಮಾ?" ಎಂದು ಅವಳು ಕೇಳಿದ್ದಳು.

ಲೆಕ್ಕ ಕಲಿಸಿದ ನನಗೆ ವೈದ್ಯಶಾಸ್ತ್ರ ಎಲ್ಲಿಂದ ಬರಬೇಕು? ಆದರೂ ಬಲ್ಲವರನ್ನು ಕೇಳಿ, ಓದಿ, ಅವಳಿಗೆ ಉತ್ತರ ಬರೆದೆನು. ಈಗಿನ ದಿನಗಳಲ್ಲಿ ನಮ್ಮ ಎಷ್ಟೋ ಮಕ್ಕಳು ನೇತ್ರಾಣಿಗೂ ಅಂಡಮಾನಿಗೂ ಹೋಗಿಬರುವದರಿಂದ ಆ ಉತ್ತರವನ್ನೇ ತುಸು ಬೆಳೆಸಿ ಇಲ್ಲಿ ಕೊಟ್ಟಿದ್ದೇನೆ.

ಮೊದಲು ನೀರಿನ ಭಾರವನ್ನು ತಿಳಿಯತಕ್ಕದ್ದು. ಸಮುದ್ರದ ಮೇಲ್ಮೈಯಲ್ಲಿ ನಮ್ಮ ಮೇಲೆ ಒಂದು ವಾಯುಭಾರವಿರುತ್ತದೆ. 10 ಮೀಟರು ಇಳಿದರೆ ಅದು ಎರಡಾಗುವದು. 30 ಮೀಟರಿನಲ್ಲಿ ನಾಲ್ಕಾಗುವದು. ಆದುದರಿಂದ ಮೇಲೆ ಒಂದು ಸೇರು ಇದ್ದ ಗಾಳಿ 10 ಮೀಟರಿನಲ್ಲಿ ಅರ್ಧ ಸೇರಿಗೆ ಕುಗ್ಗುವದು. ಮೇಲಕ್ಕೆ ಬರುವಾಗ ಅದೇ ಗಾಳಿ ತಿರಿಗಿ ಹಿಗ್ಗುವದು. ಇದಲ್ಲದೆ ಉಸಿರಿನೊಡನೆ ಒಳಹೋದ ಸಾರಜನಕವು ಆಳದಲ್ಲಿ ರಕ್ತದಲ್ಲಿಯೂ ಮಾಂಸದಲ್ಲಿಯೂ ಹೆಚ್ಚಾಗಿ ಕರಗುವದು. ಅದರಿಂದ 30 ಮೀಟರಿನ ಸುಮಾರಿಗೆ ಬುದ್ಧಿಗೆ ಒಂದು ಬಗೆಯ ಅಮಲು ಏರುತ್ತದೆ; ಅವಸರದಿಂದ ಮೇಲಕ್ಕೆ ಬಂದರೆ ಅದು ಗುಳ್ಳೆಗಳಾಗಿ ಕೀಲುನೋವು, ಜೋಮು, ತಲೆಸುತ್ತು ಮುಂತಾದ ಕಾಯಿಲೆಯನ್ನು ತರುತ್ತದೆ.

ಇನ್ನು ಎಲ್ಲರ ಮನೆಯಲ್ಲಿಯೂ ಇರುವ ನೆಗಡಿಯ ಔಷಧಗಳನ್ನು ನೋಡೋಣ. ಇವುಗಳಿಂದ ಅಪಾಯವಿಲ್ಲವೆಂದು ಜನರು ಭಾವಿಸುತ್ತಾರೆ. ನನಗಾದರೋ ಇವೇ ಹೆಚ್ಚು ಮೋಸಗೊಳಿಸುವವು ಎಂದು ತೋರುತ್ತದೆ. ಕೆಳಗಿಳಿಯುವಾಗ ಕಿವಿಯೊಳಗಿನ ಗಾಳಿ ಕುಗ್ಗುವದರಿಂದ, ಮೂಗನ್ನು ಹಿಡಿದು ಮೆಲ್ಲಗೆ ಊದಿ ಗಂಟಲಿನ ಕಡೆಯಿಂದ ಕಿವಿಗೆ ಗಾಳಿ ತುಂಬಿಕೊಳ್ಳಬೇಕು. ನೆಗಡಿಯಾದವರಿಗೆ ಆ ದಾರಿ ಊದಿಕೊಂಡು ಮುಚ್ಚಿರುತ್ತದೆ. ಮೂಗಿಗೆ ಹಾಕುವ ತೊಟ್ಟುಗಳಾಗಲಿ ಸ್ಯೂಡೋಎಫೆಡ್ರಿನ್ ಇರುವ ಗುಳಿಗೆಯಾಗಲಿ ಅದನ್ನು ಕೆಲವು ಗಂಟೆಗಳ ಮಟ್ಟಿಗೆ ತೆರೆಯುವದು ನಿಜ. ಆದರೆ ಔಷಧದ ಬಲವು ಆಳದಲ್ಲಿರುವಾಗಲೇ ತೀರಿಹೋದರೆ ಗತಿಯೇನು? ದಾರಿ ಮುಚ್ಚಿಹೋಗುವದು, ಒಳಗಿನ ಗಾಳಿ ಏರುವಾಗ ಹಿಗ್ಗುವದು, ಹೊರಗೆ ಹೋಗಲಾರದು. ಅಸಾಧ್ಯವಾದ ನೋವಾಗಿ ಕಿವಿಯ ತಮಟೆ ಹರಿಯಲೂಬಹುದು. ಇಳಿಯುವಾಗ ನೋವಾದರೆ ಹಿಂದಿರುಗಬಹುದು. ಏರುವಾಗ ನೋವಾದರೆ ಕೆಳಗೇ ನಿಲ್ಲುವಂತಿಲ್ಲ, ಯಾಕಂದರೆ ಬೆನ್ನಿನ ಮೇಲಿನ ಸಿಲಿಂಡರಿನಲ್ಲಿ ಗಾಳಿ ಇರುವಷ್ಟೇ ಹೊತ್ತು ಅವಕಾಶ. ಆದಕಾರಣ ನೆಗಡಿಯಿದ್ದ ದಿವಸ ಇಳಿಯದಿರುವದೇ ಸರಿ.

ಅಲರ್ಜಿಗೆ ಕೊಡುವ ಹಳೆಯ ತರದ ಗುಳಿಗೆಗಳು, ಕ್ಲೋರ್‌ಫೆನಿರಮಿನ್ ಮೊದಲಾದವು, ಮಂಪರು ತರುತ್ತವೆ. ಇಂಥದೊಂದನ್ನು ನುಂಗಿ ನಾನು ಒಮ್ಮೆ ಪರೀಕ್ಷೆಯ ಕಾಗದಗಳ ಮೇಲೆಯೇ ತಲೆಯಿಟ್ಟು ನಿದ್ದೆಹೋದೆನು. ಹುಡುಗಿಯರ ಅಂಕಗಳಿಗೇನೂ ಕೊರತೆಯಾಗಲಿಲ್ಲ. ನೀರಿನೊಳಗಾದರೆ ಈ ಮಂಪರು ಸಾರಜನಕದ ಅಮಲಿನೊಡನೆ ಕೂಡಿಕೊಳ್ಳುವದು. ದೋಣಿಯಲ್ಲಿ ವಾಂತಿಯಾಗದಿರಲೆಂದು ತೆಗೆದುಕೊಳ್ಳುವ ಪ್ರೊಮೆಥಜಿನ್ ಗುಳಿಗೆಯೂ ಇದೇ ಜಾತಿಯದು. ಯಾವ ಹೊಸ ಔಷಧವನ್ನಾದರೂ ಮೊದಲು ನೆಲದ ಮೇಲಿರುವಾಗ ತೆಗೆದುಕೊಂಡು ತನ್ನ ಮೈಗೆ ಹೇಗಾಗುತ್ತದೆಂದು ನೋಡಿಕೊಳ್ಳಬೇಕು.

ಈಗ ಪತ್ರದ ಪ್ರಶ್ನೆಗೆ ಬರುತ್ತೇನೆ. ಮನುಷ್ಯನು ನೀರಿನಲ್ಲಿ ಮುಳುಗಿದಾಗ ಕಾಲುಗಳ ರಕ್ತವು ಎದೆಯ ಕಡೆಗೆ ಒತ್ತಲ್ಪಟ್ಟು ಹೃದಯದ ಕೆಲಸ ಹೆಚ್ಚುವದು. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರಿಗೆ ಆ ಹೊತ್ತಿನಲ್ಲಿ ಪುಪ್ಪುಸಗಳಲ್ಲಿ ನೀರು ತುಂಬಿಕೊಳ್ಳುವ ಭಯವುಂಟು. ಹೀಗಿರುವಾಗ ಇಳಿಯುವ ದಿವಸವೇ ಗುಳಿಗೆ ಬಿಡುವದು ಎಲ್ಲಕ್ಕಿಂತ ಕೆಟ್ಟ ಉಪಾಯ. ಕೇಳಬೇಕಾದದ್ದು ಗುಳಿಗೆ ಯಾವದು ಎಂಬದನ್ನು. ಅಟೆನೊಲಾಲ್, ಮೆಟೊಪ್ರೊಲಾಲ್ ಎಂಬವು ಹೃದಯದ ಬಡಿತವನ್ನು ತಡೆಹಿಡಿಯುತ್ತವೆ. ಪ್ರವಾಹಕ್ಕೆ ಎದುರಾಗಿ ಈಜಬೇಕಾಗಿ ಬಂದಾಗ ಬೇಕಾದಷ್ಟು ಬಲ ದೊರೆಯದೆ ಹೋಗಬಹುದು. ಮೂತ್ರವನ್ನು ಹೆಚ್ಚಿಸುವ ಗುಳಿಗೆಗಳಿಂದ ಮೈಯ ನೀರು ಕಡಿಮೆಯಾಗುವದು. ಎನಲಪ್ರಿಲ್ ಜಾತಿಯವು ಕೆಲವರಿಗೆ ಒಣಕೆಮ್ಮು ತರುತ್ತವೆ. ಅಮ್ಲೊಡಿಪಿನ್ ಸಾಮಾನ್ಯವಾಗಿ ಅಡ್ಡಿಮಾಡದು. ಆದರೂ ನೀರಿನಿಂದ ದೋಣಿಗೆ ಹತ್ತಿ ತಟ್ಟನೆ ನಿಂತರೆ ತಲೆ ತಿರುಗಬಹುದು.

ಸಕ್ಕರೆಕಾಯಿಲೆಯವರಲ್ಲಿ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ನೀರಿನೊಳಗೆ ಸಕ್ಕರೆ ಇಳಿದು ಸ್ಮೃತಿ ತಪ್ಪುವ ಭಯವುಂಟು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಆ ಭಯ ಬಹು ಕಡಿಮೆ. 2005ರಲ್ಲಿ ತಜ್ಞರು ಕೂಡಿ ಮಾಡಿದ ನಿಯಮಗಳ ಪ್ರಕಾರ, ಇಳಿಯುವದಕ್ಕೆ ಒಂದು ಗಂಟೆ ಮೊದಲು, ಅರ್ಧ ಗಂಟೆ ಮೊದಲು, ಇಳಿಯುವ ಹೊತ್ತಿಗೆ, ಹೀಗೆ ಮೂರಾವರ್ತಿ ರಕ್ತವನ್ನು ಪರೀಕ್ಷಿಸಬೇಕು. ಸಕ್ಕರೆಯು 150 ಮಿಲಿಗ್ರಾಮಿಗೆ ಕಡಿಮೆಯಿರಕೂಡದು, ಇಳಿಮುಖವಾಗಿಯೂ ಇರಕೂಡದು. ಉಬ್ಬಸದವರು, 48 ಗಂಟೆಗಳೊಳಗೆ ದಮ್ಮಿಗೆಂದು ಇನ್‌ಹೇಲರ್ ಸೇದಬೇಕಾಗಿ ಬಂದಿದ್ದರೆ ಇಳಿಯಬಾರದು. ಪುಪ್ಪುಸದಲ್ಲಿ ಸಿಕ್ಕಿಬಿದ್ದ ಗಾಳಿ ಏರುವಾಗ ಹಿಗ್ಗಿ ಅದನ್ನು ಹರಿದುಬಿಡಬಹುದು. ಮೂರ್ಛೆರೋಗಕ್ಕೆ ಔಷಧ ತೆಗೆದುಕೊಳ್ಳುವವರಿಗೆ ಔಷಧಕ್ಕಿಂತ ರೋಗವೇ ಅಡ್ಡಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಕಿವಿಯ ಚಿಕ್ಕ ಗಾಯವೂ ದೊಡ್ಡದಾಗಬಹುದು. ನೋವಿನ ಗುಳಿಗೆ ನುಂಗಿ ಇಳಿದವರಿಗೆ, ಮೇಲೆ ಬಂದ ಬಳಿಕ ಗುಳ್ಳೆಗಳಿಂದಾದ ಕೀಲುನೋವು ಮರೆಯಾಗಿ ಚಿಕಿತ್ಸೆ ತಡವಾದೀತು.

ಪತ್ರಕಕ್ಕೆ ಹೆದರಬೇಕಾದದ್ದಿಲ್ಲ. ಲೋಕದಲ್ಲೆಲ್ಲಾ ಬಳಕೆಯಲ್ಲಿರುವ, 2020ರಲ್ಲಿ ತಿದ್ದಲ್ಪಟ್ಟ ಪತ್ರಕದಲ್ಲಿ ವೈದ್ಯರ ಚೀಟಿಯ ಔಷಧಗಳನ್ನು ಕುರಿತ ಪ್ರಶ್ನೆಯೊಂದುಂಟು. ಗರ್ಭನಿರೋಧದ ಗುಳಿಗೆಗಳನ್ನೂ ಮಲೇರಿಯದ ಔಷಧಗಳನ್ನೂ ಅದರಿಂದ ಬಿಟ್ಟಿದ್ದಾರೆ, ಮೆಫ್ಲೊಕ್ವಿನ್ ಒಂದನ್ನು ಬಿಟ್ಟಿಲ್ಲ. ಅದು ತರುವ ತಲೆಸುತ್ತೂ ಕಳವಳವೂ ಗುಳ್ಳೆಗಳ ಕಾಯಿಲೆಯನ್ನೇ ಹೋಲುತ್ತವೆ. 'ಹೌದು' ಎಂದು ಬರೆದರೆ ವೈದ್ಯರು ಪರೀಕ್ಷಿಸಿ ಸಹಿ ಮಾಡಬೇಕಾಗುವದು, ಅಷ್ಟೇ. ಆ ವೈದ್ಯರ ಮುಂದೆ ಗುಳಿಗೆಗಳ ಪೊಟ್ಟಣಗಳನ್ನೆಲ್ಲಾ ಇಟ್ಟು ತೋರಿಸಿರಿ. ಹೆಸರು ಬಾಯಿಗೆ ಬಾರದೆ "ಬಿಳೀ ಗುಳಿಗೆ, ಕೆಂಪು ಗುಳಿಗೆ" ಎನ್ನುವದರಿಂದ ಪ್ರಯೋಜನವಿಲ್ಲ.

ನಮ್ಮ ವಿದ್ಯಾರ್ಥಿನಿ ಹಾಗೆಯೇ ಮಾಡಿದಳು. ಅವಳ ಗುಳಿಗೆ ಅಮ್ಲೊಡಿಪಿನ್ ಆಗಿತ್ತು, ಒತ್ತಡವೂ ಹತೋಟಿಯಲ್ಲಿತ್ತು; ವೈದ್ಯರು ಸಹಿಮಾಡಿಕೊಟ್ಟರು. ಆದರೆ ಹೊರಡುವ ಹಿಂದಿನ ರಾತ್ರಿ ಅವಳಿಗೆ ನೆಗಡಿ ಹಿಡಿಯಿತು. ಮಗಳು ಇಳಿದು ಬಣ್ಣಬಣ್ಣದ ಮೀನುಗಳನ್ನು ನೋಡಿ ಬಂದಳು. ತಾಯಿ ದೋಣಿಯಲ್ಲಿ ಕೂತು ಸೀನುತ್ತಿದ್ದಳಂತೆ. ಬರುವ ದಶಂಬರದಲ್ಲಿ ತಿರಿಗಿ ಹೋಗುವೆವೆಂದು ಬರೆದಿದ್ದಾಳೆ.