ನೂರಕ್ಕೆ ಹತ್ತು: ಬಾಡಿಗೆಯೊಂದರ ಪೂರ್ವಕಥೆ

ಎಡೆದೊರೆ ನಾಡಿನ ಎರೆಭೂಮಿಯ ಹತ್ತಿಗೂ ಮುಂಬಯಿಯ ಗಿರಣಿ ಕೂಲಿಕಾರನು ತೆರುತ್ತಿದ್ದ ಮನೆಬಾಡಿಗೆಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ, ಅದು ಅಂಡಿಗೆಯೊಂದಕ್ಕೆ ಒಂದು ರೂಪಾಯಿಯಷ್ಟಿತ್ತೆಂದು ಉತ್ತರಿಸಬಹುದು. 1871ರಲ್ಲಿ ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದಂದಿನಿಂದ, ನಿಜಾಮರ ಆಳ್ವಿಕೆಗೊಳಪಟ್ಟಿದ್ದ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹತ್ತಿಗೆ ಮುಂಬಯಿಯ ಪೇಟೆ ಸಮೀಪವಾಯಿತು. ಕೂಲಿಕಾರರಿಗಾಗಿ ಸರಕಾರವೇ ಐವತ್ತು ಸಾವಿರ ಕೋಣೆಗಳನ್ನು ಕಟ್ಟಿಸಬೇಕೆಂದು 1920ರ ಸುಮಾರಿನಲ್ಲಿ ಸಂಕಲ್ಪಿಸಿದ ಗವರ್ನರ್ ಸರ್ ಜಾರ್ಜ್ ಲಾಯ್ಡ್, ಆ ವೆಚ್ಚದ ಆಸರೆಗೆಂದು, ನಗರವನ್ನು ಪ್ರವೇಶಿಸುವ ಪ್ರತಿಯೊಂದು ಹತ್ತಿ ಅಂಡಿಗೆಯ ಮೇಲೆಯೂ ಒಂದು ರೂಪಾಯಿ ಸುಂಕವನ್ನು ವಿಧಿಸಿದನು. ಅನ್ಯಪ್ರಭುತ್ವದ ಒಕ್ಕಲಿಗನು ತಾನೆಂದೂ ಕಾಣದ ಮನೆಗಳಿಗೆ ಹೀಗೆ ತನಗರಿವಿಲ್ಲದೆಯೇ ವಂತಿಗೆ ಕೊಟ್ಟನೆಂದರೆ ಅತಿಶಯೋಕ್ತಿಯಾಗದು. ಏಕೆಂದರೆ ಇಂತಹ ಸುಂಕದ ಭಾರವು ವ್ಯಾಪಾರಿಯ ಹೆಗಲ ಮೇಲೆಯೇ ಪೂರ್ತಿಯಾಗಿ ನಿಂತದ್ದು ಲೋಕದಲ್ಲಿ ವಿರಳ.

ಆ ಮಹಾಸಂಕಲ್ಪವು ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿ, ವರಳಿಗಳಲ್ಲಿ 207 ಚಾಳುಗಳನ್ನೂ ಸುಮಾರು ಹದಿನಾರು ಸಾವಿರ ಕೋಣೆಗಳನ್ನೂ ಮುಟ್ಟಿ ನಿಂತಿತು. ಲೆಕ್ಕಿಗರು ವೆಚ್ಚದಿಂದ ಆರಂಭಿಸಿ ಬಾಡಿಗೆಗೆ ಇಳಿದು ಬಂದರು. ಕೂಲಿಕಾರನಾದರೋ ತನ್ನ ಸಂಬಳದಿಂದ ಆರಂಭಿಸಿ ಬಾಡಿಗೆಯವರೆಗೆ ಏರಲಾರದೆ ಹೋದನು. ಗಿರಣಿಗಳಿಗೆ ದೂರವಾಗಿದ್ದ ವರಳಿಯ ಚಾಳುಗಳು ಬಹುಕಾಲ ಬರಿದಾಗಿದ್ದವು. ಬಾಡಿಗೆಯನ್ನು ಇಳಿಸಿ, ಉಳಿದ ನಷ್ಟವನ್ನು ಸರಕಾರವೇ ಹೊರಬೇಕಾಯಿತು. ಒಕ್ಕಲಿನವರಿಗಾಗಿ ಕಾದಿದ್ದ ಆ ಕೋಣೆಗಳಲ್ಲಿ ಕೆಲವು, 1930ರ ದಶಕದ ಕಾನೂನುಭಂಗ ಚಳುವಳಿಯ ಕಾಲದಲ್ಲಿ, ಸತ್ಯಾಗ್ರಹಿಗಳ ತಾತ್ಕಾಲಿಕ ಸೆರೆಮನೆಯಾದುವು. ಬಾಡಿಗೆಯಿಲ್ಲದೆ ವಾಸಿಸುವ ಭಾಗ್ಯವು ಅಲ್ಲಿ ಮೊದಲು ದೊರೆತದ್ದು ಬಂದಿಗಳಿಗೆ!

ಈ ಅನುಭವವು ವ್ಯರ್ಥವಾಗಲಿಲ್ಲವೆಂಬುದಕ್ಕೆ 1949ರ ಕೇಂದ್ರಸರಕಾರದ ಕೈಗಾರಿಕಾ ವಸತಿ ಯೋಜನೆಯೇ ಸಾಕ್ಷಿ. ವೆಚ್ಚದ ಮೂರರಲ್ಲಿ ಎರಡು ಪಾಲನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡುವುದು; ವರ್ಷದ ಬಾಡಿಗೆಯನ್ನು ಕಟ್ಟಿದ ವೆಚ್ಚದ ನೂರಕ್ಕೆ ಎರಡೂವರೆಗೆ ಸೀಮಿತಗೊಳಿಸುವುದು; ಅದಾದರೂ ಕಾರ್ಮಿಕನ ವೇತನದ ನೂರಕ್ಕೆ ಹತ್ತನ್ನು ಮೀರದಂತೆ ನೋಡಿಕೊಳ್ಳುವುದು ಎಂಬೀ ಮೂರು ಸೂತ್ರಗಳಲ್ಲಿ, ಮನೆಯ ಬೆಲೆಯು ಮನುಷ್ಯನ ಗಳಿಕೆಗೆ ತಲೆಬಾಗಿದ್ದನ್ನು ನಾವು ಕಾಣುತ್ತೇವೆ. ಆದರೆ ರಾಜ್ಯಗಳಾಗಲಿ ಮಾಲೀಕರಾಗಲಿ ಉತ್ಸಾಹದಿಂದ ಮುಂದೆ ಬರಲಿಲ್ಲ. ಆದುದರಿಂದ 1952ರಲ್ಲಿ, ರಾಜ್ಯಸರಕಾರಗಳಿಗೆ ವೆಚ್ಚದ ಅರ್ಧವನ್ನು ಸಹಾಯಧನವಾಗಿಯೂ ಉಳಿದರ್ಧವನ್ನು ಸಾಲವಾಗಿಯೂ ಕೊಡುವ ಹೊಸ ಏರ್ಪಾಡು ಬಂದಿತು.

ನಮ್ಮ ಸೀಮೆಯಲ್ಲಿ ದುಡಿಮೆಗೆ ಹೊಂದಿಕೊಂಡ ವಸತಿಯೆಂದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯದು. 1947ರಲ್ಲಿ ಸ್ಥಾಪಿತವಾದ ಕಂಪನಿಯ ಮನೆಗಳು ಗಣಿಯ ನೌಕರಿಯೊಡನೆ ಬಂದು ನೌಕರಿಯೊಡನೆ ಹೋಗುವಂಥವು. ಉಳಿದವರಿಗೆ 1954ರ ಹೈದರಾಬಾದು ಬಾಡಿಗೆ ನಿಯಂತ್ರಣ ಕಾಯಿದೆ, ಅದರ ತರುವಾಯ ಮೈಸೂರು ರಾಜ್ಯದ 1961ರ ಕಾಯಿದೆ. ಮುಂದೆ ಜನತಾ ಮನೆ, 1991-92ರ ಆಶ್ರಯ ಯೋಜನೆ, ಇವೆಲ್ಲ ಬಡವನನ್ನು ಮನೆಯೊಡೆಯನನ್ನಾಗಿಸಿದವು. ಅದು ಸ್ತುತ್ಯವೇ. ಆದರೆ ಹಕ್ಕುಪತ್ರದ ವೈಭವದಲ್ಲಿ, ಸರಕಾರವೇ ಕಟ್ಟಿ ಸುಲಭ ಬಾಡಿಗೆಗೆ ಕೊಡುವ ಮನೆಯೆಂಬ ಕಲ್ಪನೆಯೇ ಮರೆಯಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಾದ ಸಿಂಧನೂರಿಗೆ ನಾಟಿ ಕೊಯ್ಲುಗಳಿಗೆ ಬರುವವನಿಗಾಗಲಿ, ಲಿಂಗಸುಗೂರು ಮಸ್ಕಿಗಳ ಬೆದ್ದಲು ಹೊಲಗಳಿಂದ ಬೆಂಗಳೂರಿಗೆ ಗುಳೆ ಹೋಗುವವನಿಗಾಗಲಿ, ಬೇಕಾದದ್ದು ಕೆಲವು ತಿಂಗಳ ಸೂರು. ಹಕ್ಕುಪತ್ರವು ಅವನೊಡನೆ ಪಯಣ ಮಾಡಲಾರದು.

ಇಷ್ಟರಲ್ಲಿ ಆ ಹತ್ತೆಂಬ ಅಂಕೆಯೂ ಸ್ಥಳ ಬದಲಿಸಿತು. ಕರ್ನಾಟಕದ 1999ರ ಬಾಡಿಗೆ ಕಾಯಿದೆಯು ಖಾಸಗಿ ಕಟ್ಟಡಗಳ ಪ್ರಮಾಣಿತ ಬಾಡಿಗೆಯನ್ನು ನಿರ್ಮಾಣವೆಚ್ಚ ಮತ್ತು ನಿವೇಶನದ ಬೆಲೆಗಳ ಮೊತ್ತದ ಮೇಲೆ ವರ್ಷಕ್ಕೆ ನೂರಕ್ಕೆ ಹತ್ತರಂತೆ ಎಣಿಸಿತು. ಆರು ಲಕ್ಷ ರೂಪಾಯಿಯ ಮನೆಗೆ ಈ ಲೆಕ್ಕದಲ್ಲಿ ತಿಂಗಳಿಗೆ 5,000 ರೂಪಾಯಿ. 1949ರ ಎರಡೂವರೆಯ ಲೆಕ್ಕದಲ್ಲಿ 1,250. ತಿಂಗಳಿಗೆ 8,000 ರೂಪಾಯಿ ಗಳಿಸುವವನಿಗೆ ವೇತನದ ಮಿತಿಯನ್ನು ಅನ್ವಯಿಸಿದರೆ 800 ಮಾತ್ರ.

2020ರ ಬೇಸಿಗೆಯಲ್ಲಿ ಕೂಲಿಕಾರರು ನಗರಗಳನ್ನು ತೊರೆದು ಕಾಲ್ನಡಿಗೆಯಲ್ಲಿ ಊರಿಗೆ ಹೊರಟದ್ದನ್ನು ಕಂಡ ಮೇಲೆ, ಕೇಂದ್ರಸರಕಾರವು ಅದೇ ವರ್ಷ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಯನ್ನು ಹೊರಡಿಸಿತು. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಎಂಟು, ಐದು ವರ್ಷಗಳಲ್ಲಿ ಒಟ್ಟು ಇಪ್ಪತ್ತು, ಇದಕ್ಕೆ ಮೀರಿ ಬಾಡಿಗೆ ಏರಬಾರದೆಂಬ ಅದರ ಕಟ್ಟಳೆ ಒಳ್ಳೆಯದೇ. ಆದರೆ ಮೊದಲ ಬಾಡಿಗೆಯನ್ನು ಸ್ಥಳೀಯ ದರಗಳ ಸಮೀಕ್ಷೆಯಿಂದ ನಿಶ್ಚಯಿಸಬೇಕಂತೆ! ಪೇಟೆಯ ದರ ತೆರಲಾರದವನಿಗಾಗಿ ಕಟ್ಟಿದ ಮನೆಗೆ ಪೇಟೆಯನ್ನೇ ಮಾನದಂಡವಾಗಿಸುವುದು ವರಳಿಯ ಪಾಠವನ್ನು ಮರೆತವರ ವಿವೇಕ.

ಮಳಿಗೆಗಳನ್ನು ಹರಾಜಿನಲ್ಲಿ ಬಾಡಿಗೆಗೆ ಕೊಡುವುದನ್ನು ನಮ್ಮ ಪೌರಸಂಸ್ಥೆಗಳು ಚೆನ್ನಾಗಿ ಬಲ್ಲವು. ಮನೆಗೆ ಆ ಪದ್ಧತಿ ಸಲ್ಲದು. ಸಿಂಧನೂರಿನ ನಗರಸಭೆಯೂ ಲಿಂಗಸುಗೂರು, ಮಸ್ಕಿಗಳ ಪುರಸಭೆಗಳೂ ಮುಂದೆಂದಾದರೂ ಕೂಲಿಕಾರರಿಗಾಗಿ ಬಾಡಿಗೆ ಮನೆಗಳನ್ನು ಕಟ್ಟಿಸುವುದಾದರೆ, ಕಟ್ಟಡದ ಅಂದಾಜುಪಟ್ಟಿಗಿಂತ ಮೊದಲು ಅಲ್ಲಿ ವಾಸಿಸತಕ್ಕವನ ವರ್ಷದ ಗಳಿಕೆಯನ್ನು ಬರೆದುಕೊಳ್ಳಲಿ, ಅದರ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಕೇಳದಿರಲಿ, ಮಿಕ್ಕ ಕೊರತೆಯನ್ನು ಸರಕಾರ ತುಂಬಿಕೊಡಲಿ.